ಚೂಡಾಮಣಿಯ ಅಡುಗೆಮನೆ

ಮಡಿಯ ಅಡುಗೆಯಲ್ಲಿ ರುಚಿ ನೋಡುವ ಹಾಗಿಲ್ಲ. ನಾಲಿಗೆಗೆ ಸೋಕಿದರೆ ಎಂಜಲು. ಎಂಜಲಾದದ್ದು ದೇವರಿಗೂ ಸಲ್ಲದು, ಸತ್ತ ಹಿರಿಯರಿಗೂ ಸಲ್ಲದು. ಆದ್ದರಿಂದ ಚೂಡಾಮಣಿ ಸೊಸೆಯಾಗಿ ಬಂದಂದಿನಿಂದ ಉಪ್ಪನ್ನು ಬೆರಳಿನಲ್ಲಿ ಅಳೆದಳು, ಹುಳಿಯ ಹದವನ್ನು ಮೂಗಿನಲ್ಲಿ ತಿಳಿದಳು. ಮೂರು ಬೆರಳಿನ ನಡುವೆ ಹರಳುಪ್ಪು ಹಿಡಿದು, ಕುದಿಯುವ ಸಾರಿನ ಮೇಲೆ ಒಂದು ಗಳಿಗೆ ಕೈ ನಿಲ್ಲಿಸಿ, ಆಮೇಲೆ ಬಿಡುವಳು. ಹೆಚ್ಚಾಯಿತೆಂದೋ ಕಡಿಮೆಯಾಯಿತೆಂದೋ ಆ ಮನೆಯಲ್ಲಿ ಯಾರೂ ಅಂದದ್ದಿಲ್ಲ. ಅತ್ತೆ ಗೋದಾವರಮ್ಮನವರು ಹೊಗಳುವ ಪೈಕಿಯಲ್ಲ. ಆದರೂ ಒಮ್ಮೆ ನೆಂಟರೆದುರು ಬಾಯಿ ತಪ್ಪಿ ಅಂದಿದ್ದರು: "ಇವಳ ಬೆರಳಿಗೇ ನಾಲಿಗೆ ಇದೆ."

ಗಂಡ ನರಹರಿರಾಯರು ಅಠಾರಾ ಕಚೇರಿಯಲ್ಲಿ ಗುಮಾಸ್ತರು. ಬಸವನಗುಡಿಯ ಬಾಡಿಗೆ ಮನೆ ಬಿಟ್ಟು ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಸ್ವಂತ ಮನೆ ಕಟ್ಟಿಸಿದ್ದರು. ಆಗ ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಸಂಜೆಯಾದರೆ ತುಂಬೆಗಿಡಗಳ ನಡುವೆ ಗಾಳಿ ಬಿಟ್ಟರೆ ಬೇರೆ ಸದ್ದಿಲ್ಲ. ಹಿತ್ತಲಲ್ಲಿ ಬಾವಿ, ಬಚ್ಚಲು, ಸೌದೆಯ ಕೊಟ್ಟಿಗೆ. ಮನೆಯಲ್ಲಿ ನಾಲ್ಕೇ ಜನ: ರಾಯರು, ಚೂಡಾಮಣಿ, ಮಗಳು ವಿಮಲಾ, ಮತ್ತು ಗಂಡ ಹೋದಮೇಲೆ ಕೆಂಪು ಸೀರೆ ಉಟ್ಟು ಮಡಿಯನ್ನೇ ಉಸಿರಾಗಿಸಿಕೊಂಡಿದ್ದ ಗೋದಾವರಮ್ಮ.

ಐವತ್ತೇಳರ ಬೇಸಿಗೆಯಲ್ಲಿ ಚೂಡಾಮಣಿಗೆ ನಿದ್ದೆ ಬೇಡವಾಯಿತು. ಅವಳೊಳಗೆ ಯಾರೋ ದೀಪ ಹಚ್ಚಿ, ಬತ್ತಿ ಎತ್ತರಿಸಿ ಹೋದಂತಿತ್ತು. ಬೆಳಗಿನ ಜಾವಕ್ಕೇ ಒಲೆ ಹೊತ್ತಿಸುವಳು, ಒಬ್ಬಟ್ಟು ತಟ್ಟುವಳು, ತಟ್ಟುತ್ತ ಹಾಡುವಳು, ಹಾಡಿನ ನಡುವೆ ನಗುವಳು. ಪಕ್ಕದ ಸೈಟಿನ ಗಾರೆ ಕೆಲಸದವರನ್ನು ಒಳಗೆ ಕರೆದು ನಡುಮನೆಯಲ್ಲಿ ಎಲೆ ಹಾಕಿ ಬಡಿಸಿದಳು. ಇಟ್ಟಿಗೆ ಹೊರುವ ಹೆಂಗಸಿಗೆ ದೇವರ ಮುಂದಿನ ಬೆಳ್ಳಿ ಪಂಚಪಾತ್ರೆ ಕೊಟ್ಟು "ಮಗುವಿಗೆ ಹಾಲು ಕುಡಿಸು" ಅಂದಳು. ಮಳೆಗಾಲ ಹಿಡಿಯುವ ಹೊತ್ತಿಗೆ ಆ ದೀಪ ಆರಿತು. ಬಚ್ಚಲ ಗೋಡೆಗೆ ಒರಗಿ, ತಲೆ ಬಾಚದೆ, ಕರೆದರೆ ಓಗೊಡದೆ ಕುಳಿತಳು. ಒಂದು ಬೆಳಿಗ್ಗೆ ಹತ್ತು ವರ್ಷದ ವಿಮಲಾ ಮುಖ ತೊಳೆಯಲು ಹಿತ್ತಲಿಗೆ ಹೋದಾಗ, ಅಮ್ಮ ಬಾವಿಕಟ್ಟೆಯ ಮೇಲೆ ಕಾಲುಗಳನ್ನು ಒಳಕ್ಕೆ ಇಳಿಬಿಟ್ಟು ಕೂತಿದ್ದಳು. ಹುಡುಗಿ ಕಿರುಚಲಿಲ್ಲ. ಹೋಗಿ ಸೆರಗು ಹಿಡಿದುಕೊಂಡು ನಿಂತಳು.

ಆ ದಿನವೇ ರಾಯರು ಹೆಂಡತಿಯನ್ನು ಜಟಕಾ ಹತ್ತಿಸಿ ಮನಸ್ಸಿನ ಡಾಕ್ಟರ ಬಳಿಗೆ ಕರೆದೊಯ್ದರು.

"ಇದು ಏರುವ, ಇಳಿಯುವ ಕಾಯಿಲೆ ರಾಯರೇ," ಅಂದರು ಡಾಕ್ಟರು. "ಏರಿದಾಗ ಖುಷಿಯಾಗಿದ್ದಾಳೆ ಅಂತ ನೀವು ಸುಮ್ಮನಿರ್ತೀರಿ. ಇಳಿದಾಗ ಓಡಿ ಬರ್ತೀರಿ. ಗುಳಿಗೆ ಎರಡಕ್ಕೂ ಬೇಕು. ಚೆನ್ನಾಗಿದ್ದಾಳೆ ಅಂತ ಬಿಟ್ಟರೆ ಮತ್ತೆ ಇಲ್ಲಿಗೇ ಬರಬೇಕು."

ಗುಳಿಗೆ ಕೆಲಸ ಮಾಡಿತು. ಚೂಡಾಮಣಿಗೆ ನಿದ್ದೆ ಬಂತು. ಬಾವಿಯ ಕಡೆ ನೋಟ ಹೋಗುವುದು ನಿಂತಿತು. ಮಗಳ ಜಡೆ ಹೆಣೆಯುವಷ್ಟು ಮನಸ್ಸು ತಿರುಗಿ ಬಂತು. ಆದರೆ ಗುಳಿಗೆ ಮನಸ್ಸೊಂದನ್ನೇ ಹುಡುಕಿಕೊಂಡು ಹೋಗಲಿಲ್ಲ. ಮೈ ಊದಿತು, ರವಿಕೆಗಳ ಹೊಲಿಗೆ ಬಿಟ್ಟಿತು. ಮಹಡಿಯ ಮೇಲೆ ಸಂಡಿಗೆ ಒಣಹಾಕಿ ಇಳಿಯುವಷ್ಟರಲ್ಲಿ ಬಿಸಿಲಿಗೆ ತೋಳು ಸುಟ್ಟಂತೆ ಕೆಂಪಾಗುತ್ತಿತ್ತು. ಹೆಜ್ಜೆ ನೆಲ ಬಿಟ್ಟು ಏಳುತ್ತಿರಲಿಲ್ಲ. ಬೆರಳು ನಡುಗುತ್ತಿದ್ದವು. ನಗು ಒಳಗೆ ಹುಟ್ಟಿ ಮುಖಕ್ಕೆ ಬರುವಷ್ಟರಲ್ಲಿ ದಾರಿಯಲ್ಲೇ ಸಾಯುತ್ತಿತ್ತು. ಮುಟ್ಟು ನಿಂತಿತು. ಗೋದಾವರಮ್ಮನವರು ಎರಡು ತಿಂಗಳು ನೋಡಿ, ಬಸುರಿರಬೇಕೆಂದು ಗುಟ್ಟಾಗಿ ಹರಕೆಯನ್ನೂ ಹೊತ್ತು, ಆಮೇಲೆ ವಿಷಯ ತಿಳಿದು ಮುಖ ತಿರುಗಿಸಿದರು.

ಇವೆಲ್ಲವನ್ನೂ ಆ ಮನೆ ತಡೆದುಕೊಂಡಿತು. ಜೊಲ್ಲನ್ನು ತಡೆದುಕೊಳ್ಳಲಿಲ್ಲ.

ಬಾಯಿಯ ಎಡತುದಿಯಿಂದ ಅದು ತಾನಾಗಿ ಇಳಿಯುತ್ತಿತ್ತು. ತುಟಿ ಬಿಗಿ ಹಿಡಿದರೂ, ಗಳಿಗೆಗೊಮ್ಮೆ ನುಂಗಿದರೂ, ಬಗ್ಗಿದ ಕೂಡಲೇ ದಾರದಂತೆ ಜಾರುತ್ತಿತ್ತು. ಒಂದು ಬೆಳಿಗ್ಗೆ ಒಲೆಯ ಮುಂದೆ ಹುಳಿ ತಿರುವುತ್ತಿದ್ದಾಗ ಗೋದಾವರಮ್ಮ ಹೊಸಿಲಲ್ಲಿ ನಿಂತು ನೋಡಿದರು.

"ಚೂಡಾ, ಸೌಟು ಕೆಳಗಿಡು."

"ಯಾಕೆ ಅತ್ತೆ?"

"ಬಾಯಿ ಮುಟ್ಕೊಂಡು ನೋಡು."

ಮುಟ್ಟಿಕೊಂಡಳು. ಒದ್ದೆ.

"ಪಾತ್ರೆಗೆ ಬಿದ್ದಿಲ್ಲ ಅತ್ತೆ. ದೇವರಾಣೆ ಬಿದ್ದಿಲ್ಲ."

"ಬಿದ್ದಿದೆಯೋ ಇಲ್ಲವೋ ದೇವರಿಗೆ ಗೊತ್ತು. ಗೊತ್ತಿದ್ದೂ ಅವನಿಗೆ ಬಡಿಸ್ಲಾ ನಾನು? ಏಳು. ಆಚೆ ಹೋಗು."

ಆ ಹುಳಿಯನ್ನು ಹಿತ್ತಲ ಬಾಳೆಗಿಡಕ್ಕೆ ಸುರಿದರು. ಪಾತ್ರೆಗೆ ಹುಣಸೆಹಣ್ಣು ತಿಕ್ಕಿ ಬೆಳಗಿದರು. ಸಂಜೆ ನರಹರಿರಾಯರು ಬಂದು ಎಲ್ಲ ಕೇಳಿ, ಕೋಟು ಬಿಚ್ಚಿ ಗೂಟಕ್ಕೆ ಹಾಕುತ್ತ, "ಸ್ವಲ್ಪ ದಿನ ರೆಸ್ಟ್ ತಗೋ ಚೂಡಾ" ಅಂದರು. ಹೆಂಡತಿಯ ಮುಖ ನೋಡಿ ಅನ್ನಲಿಲ್ಲ.

ಡಾಕ್ಟರು ಇನ್ನೊಂದು ಗುಳಿಗೆ ಕೊಟ್ಟರು, ಜೊಲ್ಲು ಒಣಗಿಸಲಿಕ್ಕೆ. ಮೊದಲ ಗುಳಿಗೆಯ ಪಾಪ ತೊಳೆಯಲು ಬಂದ ಎರಡನೆಯದು ತನ್ನ ಪಾಪವನ್ನೂ ಹೊತ್ತು ತಂದಿತು: ನಾಲಿಗೆ ಮರದ ತುಂಡಾಯಿತು, ಪುಸ್ತಕದ ಅಕ್ಷರ ಕಲಸಿಕೊಂಡವು, ಎಷ್ಟು ನೀರು ಕುಡಿದರೂ ದಾಹ ಆರಲಿಲ್ಲ. ಜೊಲ್ಲು ಕಡಿಮೆಯಾಯಿತು, ನಿಲ್ಲಲಿಲ್ಲ. ಬಗ್ಗಿದಾಗ, ತೂಕಡಿಸಿದಾಗ ಇಳಿದೇ ಇಳಿಯಿತು. ರಾಯರು ತಾಯಿಗೆ ಹೇಳಿ ನೋಡಿದರು: "ಈಗ ಬಹಳ ಕಡಿಮೆ ಆಗಿದೆಯಮ್ಮ."

"ಅರ್ಧ ಎಂಜಲು ಅಂತ ಉಂಟೇನೋ ನರಹರಿ?" ಅಂದರು ಗೋದಾವರಮ್ಮ.

ಅಡುಗೆಮನೆ, ದೇವರಮನೆ ಎರಡೂ ಹೋದವು. ಚೂಡಾಮಣಿಗೆ ಹಿಂದಿನ ಜಗುಲಿ, ಒಂದು ಚಾಪೆ, ಬೇರೆ ತಟ್ಟೆ. ಬಡಿಸುವುದು ದೂರದಿಂದ. ಬೆಳಿಗ್ಗೆ ಸಾರಕ್ಕಿಯಿಂದ ಹಸು ಹೊಡೆದುಕೊಂಡು ಬಂದು ಹಿತ್ತಲ ಬಾಗಿಲಲ್ಲೇ ಹಾಲು ಕರೆಯುವ ಮುನಿಲಕ್ಷ್ಮಮ್ಮ ಕೆಲವು ವಾರ ನೋಡಿ ನಕ್ಕುಬಿಟ್ಟಳು:

"ಏನವ್ವಾ, ಬಂದಾಗೆಲ್ಲ ಆಚೇಲೇ ಕುಂತಿರ್ತೀಯ? ಊರೋರಿಗೆಲ್ಲ ಮೂರು ದಿನ ಆದ್ರೆ ನಿಂಗೊಬ್ಳಿಗೆ ತಿಂಗ್ಳು ಪೂರ್ತಿನಾ?"

ತಮಾಷೆಗೆ ಅಂದದ್ದು. ಚೂಡಾಮಣಿಯೂ ನಗಲು ಹೊರಟಳು, ಮುಖ ಅಲುಗಲಿಲ್ಲ. ಮುಟ್ಟಾಗುತ್ತಿದ್ದ ಕಾಲದಲ್ಲಿ ಮೂರು ದಿನ ಹೊರಗೆ ಕೂತು ನಾಲ್ಕನೆಯ ದಿನ ತಲೆಗೆರೆದುಕೊಂಡು ಒಳಗೆ ಹೋಗುತ್ತಿದ್ದಳು. ಈಗ ಮುಟ್ಟಿಲ್ಲ, ನಾಲ್ಕನೆಯ ದಿನವೂ ಇಲ್ಲ.

ಅವಳಿಗೆ ಬೇಕಾಗಿದ್ದದ್ದು ಅಷ್ಟೇ, ಆ ಹೊಸಿಲು ದಾಟಿ ಒಳಗೆ ಹೋಗುವುದು. ಹಗಲೆಲ್ಲ ಜಗುಲಿಯಲ್ಲಿ ಕೂತು ಒಳಗಿನ ಸದ್ದು ಕೇಳುವಳು. ಸಾಸಿವೆ ಸಿಡಿದ ಸದ್ದಿನಲ್ಲೇ ಎಣ್ಣೆ ಕಾದದ್ದು ಹೆಚ್ಚಾಯಿತೆಂದು ತಿಳಿಯುತ್ತಿತ್ತು. ಬೇಳೆಯ ವಾಸನೆಯಲ್ಲೇ ತಳ ಹಿಡಿಯುತ್ತಿದೆಯೆಂದು ತಿಳಿಯುತ್ತಿತ್ತು. ಕೂಗಿ ಹೇಳಿದರೆ ಗೋದಾವರಮ್ಮನವರಿಂದ ಉತ್ತರ ಬರುತ್ತಿರಲಿಲ್ಲ. ತಳ ಕೆರೆಯುವ ಸದ್ದು ಮಾತ್ರ ಬರುತ್ತಿತ್ತು.

ಮೂರು ವರ್ಷ ಹೀಗೆ ಹೋಯಿತು. ಗೋದಾವರಮ್ಮನವರ ಮಂಡಿ ಸೋತಿತು, ಹೊಗೆ ಕುಡಿದು ಕೆಮ್ಮು ಹತ್ತಿತು. ಅರವತ್ತೊಂದನೇ ಇಸವಿಯ ಮಾಘದಲ್ಲಿ ಮಾವನವರ ವೈದಿಕ ಹತ್ತಿರ ಬಂತು. ವರ್ಷಕ್ಕೊಮ್ಮೆ ಬ್ರಾಹ್ಮಣರನ್ನು ಕೂರಿಸಿ ಸತ್ತವರ ಹೆಸರಲ್ಲಿ ಉಣಬಡಿಸುವ ದಿನ. ಆ ಅಡುಗೆಯನ್ನು ಒದ್ದೆ ಮಡಿಯಲ್ಲಿ ಮನೆಯ ಹೆಂಗಸೇ ಮಾಡುವುದು ಅಲ್ಲಿಯ ವಾಡಿಕೆ. ಗೋದಾವರಮ್ಮ ಜಗುಲಿಗೆ ಬಂದರು. ಮೂರು ವರ್ಷದಲ್ಲಿ ಮೊದಲ ಸಲ ಸೊಸೆಯ ಎದುರು ಕೂತರು.

"ಚೂಡಾ, ನನ್ನ ಕೈಲಿ ಇನ್ನಾಗಲ್ಲ. ನಿನ್ನ ಮಾವ ನಿನ್ನ ಅಡುಗೆ ಅಂದ್ರೆ ಪ್ರಾಣ ಬಿಡೋರು."

"ನಾನು ಹೇಗೆ ಅತ್ತೆ, ಈ ಬಾಯಿ ಇಟ್ಕೊಂಡು?"

"ಎಂಟು ದಿನ ಆ ಗುಳಿಗೆ ಬಿಡು. ಬಾಯಿ ಒಣಗುತ್ತೆ. ವೈದಿಕ ಮುಗಿದ ಮೇಲೆ ಬೇಕಾದ್ರೆ ತಗೋ, ಯಾರು ಬೇಡ ಅಂತಾರೆ?"

ಅವಳು ಬಾಗಿಲಲ್ಲಿ ನಿಂತಿದ್ದ ಗಂಡನ ಕಡೆ ನೋಡಿದಳು. ನರಹರಿರಾಯರಿಗೆ ಡಾಕ್ಟರ ಮಾತು ನೆನಪಿತ್ತು. ಆದರೆ ತಂದೆಯ ವೈದಿಕವೂ ಇತ್ತು, ತಾಯಿಯೂ ಇದ್ದರು. "ಎಂಟೇ ದಿನ ಅಲ್ವಾ," ಅಂದರು.

ಚೂಡಾಮಣಿಗೆ ಯಾರ ಬಲವಂತವೂ ಬೇಕಿರಲಿಲ್ಲ. ಹೊಸಿಲು ತಾನಾಗಿ ಎದ್ದು ಅವಳ ಕಾಲ ಬಳಿಗೆ ಬಂದಿತ್ತು.

ಬಾಯಿ ಒಣಗಿತು. ಬೆರಳಿನ ನಡುಕ ನಿಂತಿತು. ವೈದಿಕದ ಬೆಳಿಗ್ಗೆ ಬಾವಿಯಲ್ಲಿ ತಣ್ಣೀರು ಸೇದಿ ತಲೆಯ ಮೇಲೆ ಹೊಯ್ದುಕೊಂಡು, ನೀರು ಸುರಿಯುವ ಸೀರೆಯಲ್ಲಿ ಒಳಗೆ ಹೋದಳು. ಒಲೆ ಹೊತ್ತಿಸುವಾಗ ಅಳು ಬಂತು. ಹೊಗೆಯ ನೆಪ ಇತ್ತು. ಮೆಣಸು ಹುರಿದಳು, ಉದ್ದು ರುಬ್ಬಿದಳು, ವಡೆ ಕರಿದಳು, ಹಾಗಲಕಾಯಿ, ಬಾಳೆಕಾಯಿ ಪಲ್ಯ, ಹೆಸರುಬೇಳೆ ಪಾಯಸ, ಎಳ್ಳುಂಡೆ. ಮೂರು ಬೆರಳಿನಲ್ಲಿ ಉಪ್ಪು ಹಿಡಿದು ಕೈ ನಿಲ್ಲಿಸಿದಾಗ ಕೈ ನಿಂತಿತು. ಉಂಡ ಬ್ರಾಹ್ಮಣರಲ್ಲಿ ಹಿರಿಯರು ಕೈ ತೊಳೆಯುತ್ತ, "ಗೋದಾವರಮ್ಮ, ಈ ಸಾರಿಗೆ ನಿಮ್ಮ ಯಜಮಾನರು ತಿರುಗಿ ಬಂದಾರು" ಅಂದರು. ಗೋದಾವರಮ್ಮ ಕಣ್ಣೊರೆಸಿಕೊಂಡರು. ಮರುದಿನ ಮೊಮ್ಮಗಳ ಕೈಲಿ ಸೊಸೆಯ ತಲೆಗೆ ಹೂವು ಮುಡಿಸಿ ಅಂದರು:

"ನೋಡು, ಹೇಗೆ ಲಕ್ಷಣವಾಗಿದ್ದೀಯ. ಇನ್ನು ಆ ಗುಳಿಗೆ ಯಾಕೆ?"

ಆ ಹದಿನೈದು ದಿನ ಮನೆಯಲ್ಲಿ ಮದುವೆಯ ಕಳೆ ಇತ್ತು. ಚೂಡಾಮಣಿ ನಗುತ್ತಿದ್ದಳು, ಮುಖವೂ ನಗುತ್ತಿತ್ತು. ವಿಮಲಾ ಶಾಲೆಯಿಂದ ಓಡಿಬಂದು ಅಡುಗೆಮನೆಯ ಬಾಗಿಲಲ್ಲಿ ಕೂರುತ್ತಿದ್ದಳು. ರಾಯರು ಗುಳಿಗೆಯ ಸೀಸೆಯನ್ನು ಅಲಮಾರಿನ ಹಿಂದಕ್ಕೆ ತಳ್ಳಿದರು. ಹಾಡು ಉದ್ದವಾಗುತ್ತಿದ್ದದ್ದನ್ನು, ನಿದ್ದೆ ಗಿಡ್ಡವಾಗುತ್ತಿದ್ದದ್ದನ್ನು ಅವರು ಕಂಡರು. ಕಂಡೂ ಕಾಣದಿರುವುದು ಆ ಮನೆಗೆ ಹೊಸತಾಗಿರಲಿಲ್ಲ.

ಒಂದು ಬೆಳಿಗ್ಗೆ ಕಚೇರಿಯ ಹೊತ್ತಿನಲ್ಲಿ ನಾಲ್ಕನೇ ಬ್ಲಾಕಿನ ಬಸ್ ಸ್ಟಾಪಿನಲ್ಲಿ ಜನ ಗುಂಪು ಕಟ್ಟಿದ್ದರು. ನಡುವೆ ಚೂಡಾಮಣಿ ದೊಡ್ಡ ಪಾತ್ರೆ ಇಟ್ಟುಕೊಂಡು ಬಸ್ಸು ಹತ್ತುವವರಿಗೆಲ್ಲ ವಡೆ ಹಂಚುತ್ತಿದ್ದಳು. ಸೆರಗು ನೆಲದಲ್ಲಿತ್ತು. "ಸತ್ತೋರಿಗೆ ಮಾತ್ರ ಯಾಕೆ? ಬದುಕಿರೋರೂ ತಿನ್ನಿ!" ಎಂದು ಕೂಗುತ್ತಿದ್ದಳು. ಕಂಡಕ್ಟರು "ಅಕ್ಕ, ಡ್ರೈವರ್‌ಗೂ ಎರಡು ಕೊಡಿ" ಅಂದ, ಎಲ್ಲರೂ ನಕ್ಕರು. ಆ ಬಸ್ಸಿನಲ್ಲಿ ನರಹರಿರಾಯರ ಕಚೇರಿಯವರಿದ್ದರು. ಅದೇ ಬಸ್ಸು ಹತ್ತಲು ಕೊಡೆ ಹಿಡಿದು ರಾಯರೂ ಬಂದರು.

ಆಸ್ಪತ್ರೆಯಲ್ಲಿ ತಲೆಗೆ ಕರೆಂಟು ಕೊಟ್ಟರು. ಮೂರು ತಿಂಗಳ ಮೇಲೆ ಮನೆಗೆ ಬಂದಾಗ ಗುಳಿಗೆ ಮೊದಲಿನ ಎರಡರಷ್ಟಾಗಿತ್ತು, ಜೊಲ್ಲೂ ಅಷ್ಟೇ. ಮಗಳ ಹುಟ್ಟಿದ ಹಬ್ಬ ಯಾವ ತಿಂಗಳೆಂದು ನೆನಪಿರಲಿಲ್ಲ. ಚಾಪೆ ಜಗುಲಿಯಲ್ಲೇ ಇತ್ತು.

"ಎಂಟು ದಿನ ಅಂದೆ ನಾನು," ಅಂದರು ಗೋದಾವರಮ್ಮ ಮಗನಿಗೆ, ಅವಳಿಗೆ ಕೇಳುವಷ್ಟು ಗಟ್ಟಿಯಾಗಿ. "ಬಿಟ್ಟೇಬಿಡು ಅಂದೆನಾ?"

ಮುಂದಿನ ಮಾಘ ಬಂತು. ವೈದಿಕಕ್ಕೆ ಗೊತ್ತುಮಾಡಿದ್ದ ಅಡುಗೆಯ ಹೆಂಗಸು ಹಿಂದಿನ ದಿನ ಹೇಳಿ ಕಳಿಸಿದಳು, ಮೈಗೆ ಹುಷಾರಿಲ್ಲ ಎಂದು. ಗೋದಾವರಮ್ಮ ಮತ್ತೆ ಜಗುಲಿಗೆ ಬಂದರು. ಈ ಸಲ ಕೂರಲಿಲ್ಲ.

"ಇವತ್ತು, ನಾಳೆ. ಎರಡೇ ದಿನ ಬಿಡು. ಹೋದ ವರ್ಷದ ಹಾಗೆ ಮಾಡಿಬಿಡು."

"ಹೋದ ವರ್ಷದ ಹಾಗೆ ಅಂದ್ರೆ ಎಲ್ಲೀತನಕ ಅತ್ತೆ? ಬಸ್ ಸ್ಟಾಪ್ ತನಕವಾ, ಕರೆಂಟು ಕೊಡೋ ತನಕವಾ?" ನಾಲಿಗೆ ತೊಡರುತ್ತಿತ್ತು, ಮಾತು ತೊಡರಲಿಲ್ಲ. "ಅಡುಗೆ ಮಾಡ್ತೀನಿ. ಗುಳಿಗೆ ತಗೊಂಡೇ ಮಾಡ್ತೀನಿ. ಬಾಯಿಗೆ ಬಟ್ಟೆ ಕಟ್ಕೋತೀನಿ."

"ಬಟ್ಟೆ ನೆನೆಯುತ್ತಲ್ಲ, ಅದೇನು ಗಂಗೆಯೇನೇ?"

"ರೀ, ನೀವೇ ಹೇಳಿ," ಅಂದಳು ಕಂಬದ ಬಳಿ ನಿಂತಿದ್ದ ಗಂಡನ ಕಡೆ ತಿರುಗಿ. ಅಷ್ಟು ನೇರವಾಗಿ ಅವಳು ಅವರನ್ನು ಯಾವತ್ತೂ ಕೇಳಿರಲಿಲ್ಲ. "ನನ್ನ ತಲೆ ಸರಿಯಿರಬೇಕಾ, ಬಾಯಿ ಸರಿಯಿರಬೇಕಾ?"

ನರಹರಿರಾಯರು ಕಂಬ ಹಿಡಿದುಕೊಂಡೇ, "ಮಠದಲ್ಲೇ ಮಾಡಿಸಿಬಿಡೋಣ," ಅಂದರು. ಎರಡು ಪ್ರಶ್ನೆಗೂ ಅದು ಉತ್ತರವಾಗಿರಲಿಲ್ಲ.

ಗೋದಾವರಮ್ಮ ಒಳಗೆ ಹೋಗುತ್ತ ಅಂದರು: "ಮನೆ ಕಟ್ಟಿಸಿದ್ದು ಮಠದಲ್ಲಿ ಉಣ್ಣೋಕೆ."

ಮರುದಿನ ಮೂವರೂ ಬಸವನಗುಡಿಯ ಮಠಕ್ಕೆ ಹೊರಟರು. ಚೂಡಾಮಣಿಗೆ ಜಗುಲಿಯಲ್ಲಿ ಹಾಲು, ಬಾಳೆಹಣ್ಣು ಇಟ್ಟಿದ್ದರು. ಅಡುಗೆಮನೆಗೆ ಯಾರೂ ಬೀಗ ಹಾಕಿರಲಿಲ್ಲ; ಹಾಕಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಅವಳು ಗುಳಿಗೆ ನುಂಗಿದಳು. ಗೇಟಿನ ಸದ್ದು ನಿಂತ ಮೇಲೆ ಎದ್ದು, ಉಟ್ಟ ಸೀರೆಯಲ್ಲೇ, ಕಾಲೆಳೆಯುತ್ತ ಹೊಸಿಲು ದಾಟಿದಳು. ಸಾರಿಸಿ ಮಡಿ ಮಾಡಿದ್ದ ಒಲೆಗೆ ಸೌದೆ ಒಡ್ಡಿದಳು. ಬೇಳೆ ಬೇಯಿಸಿದಳು, ಹುಣಸೆಹಣ್ಣು ಕಿವುಚಿದಳು. ಉಪ್ಪಿಗೆ ಕೈ ಹಾಕಿದಾಗ ಬೆರಳು ಕುಣಿದವು. ಹರಳು ಒಲೆಯ ಮೇಲೆಲ್ಲ ಚೆಲ್ಲಿ ಚಟಪಟ ಅಂದವು. ಸಾರಿಗೆ ಎಷ್ಟು ಬಿತ್ತು, ಆಚೆ ಎಷ್ಟು ಬಿತ್ತು, ತಿಳಿಯಲಿಲ್ಲ. ಆಗ ಅವಳಿಗೆ ಹೊಳೆಯಿತು, ಮೈಲಿಗೆಯಾದ ಅಡುಗೆಯಲ್ಲಿ ರುಚಿ ನೋಡಬಹುದು. ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ಜನ್ಮದಲ್ಲಿ ಮೊದಲ ಸಲ ಒಲೆಯ ಮುಂದೆ ನಿಂತು ತನ್ನ ಸಾರನ್ನು ನೆಕ್ಕಿದಳು.

ಏನೂ ಇಲ್ಲ. ಬಿಸಿ ಇತ್ತು, ಅಷ್ಟೇ. ಒಣಗಿದ ನಾಲಿಗೆಗೆ ಉಪ್ಪೂ ಒಂದೇ, ಬೂದಿಯೂ ಒಂದೇ. ಇನ್ನೊಮ್ಮೆ ನೆಕ್ಕಿದಳು. ಮತ್ತೊಮ್ಮೆ.

ಮಧ್ಯಾಹ್ನ ಇಳಿಯುವಾಗ ಮೂವರೂ ಬಂದರು. ಚೂಡಾಮಣಿ ನಡುಮನೆಯಲ್ಲಿ ಮೂರು ಎಲೆ ಹಾಕಿ ಕಾಯುತ್ತಿದ್ದಳು. ಯಾರಿಗೂ ಹಸಿವಿರಲಿಲ್ಲ, ಮಠದಲ್ಲಿ ಉಂಡು ಬಂದಿದ್ದರು. ವೈದಿಕ ಮಾಡಿದವರು ಆ ದಿನ ಎರಡನೇ ಸಲ ಉಣ್ಣುವ ಹಾಗೂ ಇಲ್ಲ. ಅದು ಅವಳಿಗೆ ಗೊತ್ತಿದ್ದ ವಿಷಯವೇ, ಮರೆತಿದ್ದಳು. ವಿಮಲಾ ಮಾತ್ರ ಎಲೆಯ ಮುಂದೆ ಕೂತು, ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟು, ನುಂಗಲಾರದೆ ನುಂಗಿ, "ಚೆನ್ನಾಗಿದೆ ಅಮ್ಮ" ಅಂದಳು. ಕಣ್ಣಲ್ಲಿ ನೀರು ನಿಂತಿತ್ತು. ಉಪ್ಪು ಅಷ್ಟಿತ್ತು.

ಗೋದಾವರಮ್ಮ ಕೂಗಾಡಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಒಲೆಯನ್ನು, ಉಪ್ಪಿನ ಮರಿಗೆಯನ್ನು, ನೀರಿನ ಕೊಳಗವನ್ನು ಒಂದೊಂದಾಗಿ ನೋಡಿದರು, ಹೆಣ ನೋಡುವ ಹಾಗೆ. ಮರುದಿನ ಮಾರ್ಕೆಟ್ಟಿನಿಂದ ಒಂದು ಇದ್ದಲ ಒಲೆ, ಎರಡು ಹೊಸ ಪಾತ್ರೆ ತರಿಸಿ, ದೇವರಮನೆಯ ಮೂಲೆಯಲ್ಲಿ ತಮ್ಮ ಅಡುಗೆ ತಾವು ಮಾಡಿಕೊಂಡರು. ಸಾಯುವತನಕವೂ ಆ ಅಡುಗೆಮನೆಗೆ ಕಾಲಿಡಲಿಲ್ಲ.

ಹೀಗೆ ಅಡುಗೆಮನೆ ಚೂಡಾಮಣಿಯದಾಯಿತು. ಯಾರೂ ಅವಳಿಗೆ ಕೊಡಲಿಲ್ಲ. ಕೆಟ್ಟದ್ದನ್ನು ಬಿಟ್ಟು ಹೋದರು. ಅವಳು ದಿನವೂ ಬೇಯಿಸಿದಳು. ಉಪ್ಪಿಗೆ ಚಮಚ ಇಟ್ಟುಕೊಂಡಳು, ಆದರೂ ಒಂದು ದಿನ ಹೆಚ್ಚು, ಒಂದು ದಿನ ಸಪ್ಪೆ. ನರಹರಿರಾಯರು ತಲೆ ತಗ್ಗಿಸಿ ಉಣ್ಣುವರು. ಕಚೇರಿಯ ಬಳಿ ಹೋಟೆಲಿನಲ್ಲಿ ಮಧ್ಯಾಹ್ನ ಹೊಟ್ಟೆ ತುಂಬ ತಿಂದು ಬರುತ್ತಾರೆಂದು ಅವಳಿಗೆ ಅವರ ಅಂಗಿಯ ವಾಸನೆ ಹೇಳುತ್ತಿತ್ತು. ಮೂಗು ಮಾತ್ರ ಅವಳನ್ನು ಬಿಟ್ಟಿರಲಿಲ್ಲ. ಗುಳಿಗೆಯನ್ನು ಅವಳು ಇನ್ನೊಂದು ಸಲ ತಪ್ಪಿಸಲಿಲ್ಲ.

ಅರವತ್ತೈದರಲ್ಲಿ ವಿಮಲಾಳನ್ನು ನೋಡಲು ಗಂಡಿನವರು ಬಂದರು. ಮಲ್ಲೇಶ್ವರದ ಕಡೆಯವರು, ಹುಡುಗ ಬ್ಯಾಂಕಿನಲ್ಲಿ ಕೆಲಸದವನು. ನರಹರಿರಾಯರು ಬೆಳಿಗ್ಗೆಯೇ ಹೋಟೆಲಿನಿಂದ ಉಪ್ಪಿಟ್ಟು, ಕೇಸರಿಬಾತು ತಂದು ಮನೆಯ ಪಾತ್ರೆಗಳಿಗೆ ಬಗ್ಗಿಸಿಟ್ಟರು. ಆಮೇಲೆ ಹೆಂಡತಿಯ ಬಳಿ ಬಂದು, ಹೇಳಲಾರದೆ ನಿಂತರು.

"ಗೊತ್ತಾಯ್ತು ಬಿಡಿ," ಅಂದಳು ಚೂಡಾಮಣಿ. "ಒಳಗೇ ಇರ್ತೀನಿ."

ಅಡುಗೆಮನೆಯ ಬಾಗಿಲು ಮುಂದಕ್ಕೆ ಮಾಡಿ, ಮಣೆಯ ಮೇಲೆ ಕೂತಳು. ಆ ದಿನ ಒಲೆ ಹೊತ್ತಿಸಿರಲಿಲ್ಲ. ಮಡಿಲಲ್ಲಿ ಒಗೆದ ಬಟ್ಟೆಯ ತುಂಡು, ಬಾಯಿ ಒರೆಸಿಕೊಳ್ಳಲು. ನಡುಮನೆಯ ಮಾತೆಲ್ಲ ಕೇಳುತ್ತಿತ್ತು. ವಿಮಲಾ ಹಾಡಿದಳು. ತಟ್ಟೆಗಳ ಸದ್ದಾಯಿತು.

"ಕೇಸರಿಬಾತು ಬಹಳ ಸೊಗಸಾಗಿದೆ," ಅಂದರು ಹುಡುಗನ ತಾಯಿ. "ಹುಡುಗಿ ತಾಯಿಯದೇ ಕೈಯಾ?"

ಗೋದಾವರಮ್ಮನವರ ದನಿ ಬಂತು: "ಹೌದು. ಅವಳದೇ. ಅವಳ ಕೈ ಅಂದ್ರೆ ಇಡೀ ಬಸವನಗುಡೀಲಿ ಹೆಸರು."

"ಹಾಗಾದ್ರೆ ಒಂದ್ಸಲ ಕರೀರಿ. ಬೀಗಿತಿ ಆಗೋರನ್ನ ನೋಡದೇ ಹೋಗೋದಾ?"

ಕುರ್ಚಿ ಸರಿದ ಸದ್ದಾಯಿತು. ಯಾರೋ ಎದ್ದರು. ಹೆಜ್ಜೆಗಳು ಅಡುಗೆಮನೆಯ ಕಡೆಗೇ ಬರುತ್ತಿದ್ದವು.

"ಬೇಡಮ್ಮ," ಅಂದರು ಗೋದಾವರಮ್ಮ ಅವಸರದಲ್ಲಿ. "ಅವಳು ಮಡಿಯಲ್ಲಿದ್ದಾಳೆ. ಮುಟ್ಟೋ ಹಾಗಿಲ್ಲ, ಹೊರಗೆ ಬರೋ ಹಾಗಿಲ್ಲ."

ಚೂಡಾಮಣಿ ಮಣೆಯಿಂದ ಎದ್ದು, ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಸದ್ದಾಗದಂತೆ ಒಳಗಿನಿಂದ ಚಿಲಕ ಹಾಕಿಕೊಂಡಳು.